ಪಕ್ಕದ ಸೀಟಿನ ಬ್ರೇಕು

ಕಾರು ಇನ್ನೂ ಬೀದಿಯ ತಿರುವು ದಾಟಿರಲಿಲ್ಲ, ಅಷ್ಟರಲ್ಲೇ ಹಿಂದಿನ ಸೀಟಿನಲ್ಲಿ ಅತ್ತೆ ಡಬ್ಬಿಯ ಮುಚ್ಚಳ ತೆರೆದು ಬೇಯಿಸಿದ ಮೊಟ್ಟೆಗಳನ್ನು ಮಡಿಲಿಗೆ ಸುರಿದುಕೊಂಡರು. ಸ್ಟೀರಿಂಗ್ ಹಿಡಿದಿದ್ದ ಸೊಸೆ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಬೇಕರಿಯ ಹಿಂದುಗಡೆ, ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ದಿನಕ್ಕೆ ಮುನ್ನೂರು ಮೊಟ್ಟೆ ಒಡೆಯುವವಳಿಗೆ ಭಾನುವಾರವೂ ಅದೇ ನಾತವೇ? ಹನ್ನೊಂದು ವರ್ಷದಿಂದ ಆ ವಾಸನೆ ಅವಳ ಕೂದಲಲ್ಲಿ, ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡಿತ್ತು. ಈಗ ತಪ್ಪಿಸಿಕೊಳ್ಳಲು ಒಂದು ದಾರಿ ಸಿಕ್ಕಿತ್ತು. ಬೇಕರಿಯ ವ್ಯಾನ್ ಓಡಿಸುತ್ತಿದ್ದ ಮುದುಕ ಕೆಲಸ ಬಿಡುತ್ತಿದ್ದ. "ಬುಧವಾರದೊಳಗೆ ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಿ ಬಾ. ವ್ಯಾನ್ ನಿನಗೇ," ಎಂದಿದ್ದರು ಯಜಮಾನರು.

ಅರ್ಜಿಗೆ ಡ್ರೈವಿಂಗ್ ಶಾಲೆಯ ಸಹಿ ಬೇಕು. ಊರಿಗೆಲ್ಲ ಒಬ್ಬರೇ ಡ್ರೈವಿಂಗ್ ಮೇಷ್ಟ್ರು, ಅವರೇ ಅವಳ ಗಂಡ. ಸಿಕ್ಕಸಿಕ್ಕವರ ಅರ್ಜಿಗೆ ಕಣ್ಣು ಮುಚ್ಚಿ ಸಹಿ ಗೀಚುವ ಈ ಮಹಾಶಯರು ಹೆಂಡತಿಯ ಅರ್ಜಿ ಕಂಡರೆ ಮಾತ್ರ ಪೆನ್ನು ಜೇಬಿಗೆ ಸೇರಿಸಿಬಿಡುತ್ತಿದ್ದರು. "ನಿನಗೆ ಇನ್ನೂ ಓಡಿಸೋಕೆ ಬರಲ್ಲ." ಏಳು ವರ್ಷದಿಂದ ಇದೊಂದೇ ರಾಗ. ಪಕ್ಕದೂರಿನ ಶಾಲೆಗೆ ಹೋಗುತ್ತೇನೆ ಎಂದರೆ ಇವರ ಮಾನ ಹರಾಜಾಗುತ್ತದಂತೆ! ಕೊನೆಗೆ ಈ ವಾರವಿಡೀ ಅವಳು ಬೆನ್ನು ಬಿದ್ದದ್ದಕ್ಕೆ ಒಂದು ಮಾತು ಕೊಟ್ಟಿದ್ದರು. ಭಾನುವಾರ ಮನೆಯವರೆಲ್ಲ ಕೆರೆಗೆ ಹೋಗೋಣ, ಅವಳೇ ಓಡಿಸಲಿ. ತಾವು ಬ್ರೇಕ್ ಮುಟ್ಟುವ ಪ್ರಸಂಗ ಬರದಿದ್ದರೆ ಸಹಿ.

ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಮೇಷ್ಟ್ರಿಗಾಗಿ ಎರಡು ಪೆಡಲ್ ಇದ್ದವು, ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್. ಆ ಬಲಗಾಲು ಒಂದು ಗಳಿಗೆ ಸುಮ್ಮನಿದ್ದರೆ ಅವಳ ಬಾಳು ಹಸನಾಗುತ್ತಿತ್ತು.

ಮೇಷ್ಟ್ರು ಕಡ್ಡಿಯಿಂದ ಹಲ್ಲು ಕೆದಕಿ, ಸಿಕ್ಕಿದ್ದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡರು. ಹಿಂದೆ ಕೂತಿದ್ದ ಮೈದುನ ಶೂ ಕಳಚಿ, ನಾಲ್ಕು ದಿನದ ಕಾಲುಚೀಲ ತೊಟ್ಟ ಪಾದಗಳನ್ನು ಎರಡು ಸೀಟುಗಳ ನಡುವೆ ಚಾಚಿದ. ಪ್ರತಿ ಸಲ ಗೇರ್ ಬದಲಿಸುವಾಗಲೂ ಅವಳ ಕೈಗೆ ಆ ಬೆವೆತ ಹೆಬ್ಬೆರಳು ತಗುಲುತ್ತಿತ್ತು. ಥೂ, ಇದನ್ನು ಜನ ವಿಹಾರ ಅನ್ನುತ್ತಾರೆ.

ರಸ್ತೆಯ ಆಚೆ ಬದಿಯಲ್ಲಿ ಒಂದು ನಾಯಿ ತನ್ನ ಪಾಡಿಗೆ ತಾನು ಮಲಗಿತ್ತು. ಕಾರು ಗಕ್ಕನೆ ನಿಂತಿತು. ಅತ್ತೆಯ ಮಡಿಲಿನ ಮೊಟ್ಟೆಗಳು ಹಾರಿದವು. ಒಂದು ಅವಳ ಕತ್ತಿಗೆ ಬಡಿದು, ಅದರ ಹಳದಿ ಪುಡಿಯಾಗಿ ಬೆನ್ನಿಗಿಳಿಯಿತು.

"ಯಾಕ್ರೀ ಬ್ರೇಕ್ ಹಾಕಿದ್ರಿ?"

"ನಾನೆಲ್ಲಿ ಹಾಕಿದೆ? ನಿನಗೆ ಕ್ಲಚ್ ಬಿಡೋಕೆ ಬರಲ್ಲ, ಗಾಡಿ ನಿಂತ್ಹೋಯ್ತು," ಎಂದರು ಮೇಷ್ಟ್ರು, ಪಾದ ಇನ್ನೂ ಪೆಡಲಿನ ಮೇಲೇ ಇತ್ತು.

ಆಮೇಲೆ ನೂರು ಗಜ ದೂರದಲ್ಲಿ ಸೈಕಲ್ ಕಂಡಿತು, ಮತ್ತೆ ಬ್ರೇಕ್. ಒಣಗಿದ ಎಲೆ ಹಾರಿತು, ಮತ್ತೆ ಬ್ರೇಕ್. ಅತ್ತೆಯ ಮುಖ ಬಿಳಿಚಿತು, ಕೈಗೆ ಸಿಕ್ಕಿದ ಹಿರಿಮಗನ ಟೋಪಿಯಲ್ಲೇ ವಾಂತಿ ಮಾಡಿಕೊಂಡರು. ಹೊರಗೆಸೆಯಲು ಮೇಷ್ಟ್ರು ಬಿಡಲಿಲ್ಲ, ಒಳ್ಳೆಯ ಟೋಪಿಯಂತೆ, ತೊಳೆದರೆ ಆಯಿತಂತೆ. ಡ್ಯಾಶ್‌ಬೋರ್ಡಿನ ಮೇಲೆ ಜೋಪಾನವಾಗಿ ಇಟ್ಟರು. ಮುಂದಿನ ತಿರುವಿನಲ್ಲಿ ಕೋಳಿಯೊಂದು ಇಣುಕಿದ್ದೇ ತಡ, ಬ್ರೇಕ್ ತುಳಿದರು. ಟೋಪಿ ಮುಂದಿನ ಗಾಜಿಗೆ ಬಡಿದು, ಹಿಂದಕ್ಕೆ ಚಿಮ್ಮಿ, ಅವರ ಮಡಿಲಲ್ಲಿ ಬೋರಲಾಯಿತು.

"ಏನಮ್ಮಾ ಇದು ಅಸಹ್ಯ!"

"ಯಾವಾಗ್ಲೂ ತುಳೀತಾನೇ ಇರ್ತೀಯಲ್ಲೋ, ಹೊಟ್ಟೇಲಿ ಹೇಗೋ ನಿಲ್ಲತ್ತೆ?" ಎಂದರು ಅತ್ತೆ.

ನಗಬೇಕೆಂದರೂ ಆ ನಾತದಲ್ಲಿ ಅವಳಿಗೆ ಬಾಯಿ ತೆರೆಯಲು ಧೈರ್ಯವಾಗಲಿಲ್ಲ.

ಅಂತೂ ಇಂತೂ ಕೆರೆ ಬಂತು. ಪಾಚಿ ಕಟ್ಟಿ, ದಡದಲ್ಲಿ ಸತ್ತ ಮೀನು ತೇಲುತ್ತಿದ್ದ ಕೆರೆ. ಇಳಿಜಾರಿನ ಮೇಲೆ, ಎರಡು ಮರಗಳ ನಡುವೆ ಅವಳು ಕಾರನ್ನು ಅಚ್ಚುಕಟ್ಟಾಗಿ ನಿಲ್ಲಿಸಿದಳು. ಮೇಷ್ಟ್ರು ಒದ್ದೆ ಪ್ಯಾಂಟಿನಲ್ಲೇ ಕೆಳಗಿಳಿದು ಎರಡೂ ಕಡೆ ಗೇಣು ಹಾಕಿ ಅಳೆದರು.

"ಅರ್ಧ ಗೇಣು ಓರೆ! ಇಳಿ ಕೆಳಗೆ. ನಿಲ್ಲಿಸೋದು ಹೇಗೆ ಅಂತ ತೋರಿಸ್ತೀನಿ."

ಅವಳು ಇಳಿದಳು. ಹಿಂದೆ ಅತ್ತೆ ಒರಗಿಕೊಂಡೇ ಇದ್ದರು, ಮೈದುನ ಉಳಿದ ಮೊಟ್ಟೆ ನುಂಗುತ್ತಿದ್ದ. ಮೇಷ್ಟ್ರು ಸ್ಟೀರಿಂಗ್ ಮುಂದೆ ಕೂತರು. ಆಗಲೇ ಅವಳಿಗೆ ಹೊಳೆದದ್ದು: ಮದುವೆಯಾದಂದಿನಿಂದ ಈ ಮನುಷ್ಯ ಆ ಸೀಟಿನಲ್ಲಿ ಕೂತದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಗೇರ್ ಬಿತ್ತು, ಹ್ಯಾಂಡ್‌ಬ್ರೇಕ್ ಇಳಿಯಿತು, ಕಾರು ಕೆರೆಯ ಕಡೆ ಜಾರಿತು. ಮೇಷ್ಟ್ರ ಬಲಗಾಲು ರೂಢಿಯಂತೆ ಬಲತುದಿಯ ಪೆಡಲಿಗೆ ಹೋಯಿತು. ಅವರ ಸೀಟಿನಲ್ಲಿ ಅದು ಬ್ರೇಕು. ಈ ಸೀಟಿನಲ್ಲಿ ಆಕ್ಸಿಲರೇಟರ್. ಕಾರು ಓಡಿದಷ್ಟೂ ಅವರು ತುಳಿದರು, ತುಳಿದಷ್ಟೂ ಅದು ಓಡಿತು. ಅಭ್ಯಾಸಬಲ ನೋಡಿ, ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಬೈಯತೊಡಗಿದರು.

"ಬ್ರೇಕ್! ಬ್ರೇಕ್ ಹಾಕು ಅಂದ್ರೆ ಕೇಳಿಸಲ್ವಾ, ಕಿವುಡಾ?"

ಕಸದ ಡಬ್ಬಿಯೊಂದನ್ನು ಮೂತಿಯ ಮೇಲೆ ಹೊತ್ತುಕೊಂಡು ಕಾರು ಕೆರೆಗೆ ನುಗ್ಗಿತು. ನೀರು ತೊಡೆಮಟ್ಟಕ್ಕಷ್ಟೇ ಇತ್ತು, ಪ್ರಾಣಕ್ಕೇನೂ ಅಪಾಯವಿರಲಿಲ್ಲ. ಮೈದುನ ತಾಯಿಯನ್ನು ಬೆನ್ನಿಗೇರಿಸಿಕೊಂಡು ನಾಲ್ಕು ಹೆಜ್ಜೆ ಬಂದ, ಜಾರಿದ, ಇಬ್ಬರೂ ಕೊಳೆತ ಕೆಸರಿನಲ್ಲಿ ಕುಂಡೆಯೂರಿ ಕೂತರು. ಮೇಷ್ಟ್ರು ಮಾತ್ರ ಯಾರತ್ತಲೂ ನೋಡದೆ ದಡ ಹತ್ತಿ ನೇರ ಹೆಂಡತಿಯ ಬಳಿ ಬಂದರು. ಕಿವಿಯಿಂದ ಪಾಚಿ ಜೋತಾಡುತ್ತಿತ್ತು. ಅಷ್ಟು ದೂರದಿಂದ ಕೆರೆಯ ಕಾವಲುಗಾರ ದಂಡದ ರಸೀದಿ ಪುಸ್ತಕ ಹಿಡಿದು ಓಡಿ ಬರುತ್ತಿದ್ದ, ಅವನ ಹಿಂದೆ ವಿಹಾರಕ್ಕೆ ಬಂದಿದ್ದ ನಾಲ್ಕಾರು ಜನ.

"ನೋಡು," ಎಂದರು ಮೇಷ್ಟ್ರು ಪಿಸುದನಿಯಲ್ಲಿ, "ನೀನೇ ಓಡಿಸ್ತಿದ್ದೆ ಅಂತ ಹೇಳ್ಬಿಡು. ಕಲಿಯೋರು ಅಂದ್ರೆ ಯಾರೂ ಏನೂ ಅನ್ನಲ್ಲ. ನಾನು ಅಂತ ಗೊತ್ತಾದ್ರೆ ಶಾಲೆಗೆ ಬೀಗ ಹಾಕ್ಬೇಕಾಗತ್ತೆ. ಸಹಿ ತಾನೇ? ಈಗ್ಲೇ ಹಾಕ್ತೀನಿ, ಪೆನ್ನು ಕೊಡು."

ಏಳು ವರ್ಷ ಬೇಡಿದ ಸಹಿ ಒಂದು ಸುಳ್ಳಿನಾಚೆ ನಿಂತಿತ್ತು. ಹೂಂ ಎಂದರೆ ಬುಧವಾರ ಅರ್ಜಿ, ಆಮೇಲೆ ವ್ಯಾನು, ಕಿಟಕಿಯ ಗಾಳಿ. ಅವಳ ಕೈ ಚೀಲದೊಳಗೆ ಪೆನ್ನಿನವರೆಗೂ ಹೋಯಿತು. ಆಮೇಲೆ ಅವಳು ಗಂಡನ ಮುಖ ನೋಡಿದಳು. ತಾಯಿ ಅಲ್ಲಿ ಕೆಸರಿನಲ್ಲಿ ಕೂತು ಕೆಮ್ಮುತ್ತಿದ್ದರೆ ಈ ಮನುಷ್ಯ ಇಲ್ಲಿ ನಿಂತು ನಗುತ್ತಿದ್ದ. ಬೆಳಗಿನಿಂದ ಮೈಗೆ ಮೆತ್ತಿಕೊಂಡ ಕೊಳಕೆಲ್ಲ ಸೋಪಿಗೆ ಹೋಗುವಂಥದ್ದು. ಈ ನಗು ಕಂಡು ಹುಟ್ಟಿದ ಹೇಸಿಗೆಗೆ ಯಾವ ಸೋಪೂ ಇರಲಿಲ್ಲ. ಅವಳು ಚೀಲದಿಂದ ಕೈ ತೆಗೆದಳು.

"ಯಾರ್ರೀ ಓಡಿಸ್ತಿದ್ದಿದ್ದು?" ಎಂದ ಕಾವಲುಗಾರ ಏದುಸಿರು ಬಿಡುತ್ತ.

"ಇವಳೇ," ಎಂದರು ಮೇಷ್ಟ್ರು.

"ನನಗೆ ಓಡಿಸೋಕೆ ಬರಲ್ಲ ಸಾರ್," ಎಂದಳು ಅವಳು, ಸುತ್ತ ಸೇರಿದವರಿಗೆಲ್ಲ ಕೇಳುವಂತೆ. "ಬೇಕಾದ್ರೆ ಇವರನ್ನೇ ಕೇಳಿ. ಊರಿಗೆಲ್ಲ ಕಲಿಸೋ ಮೇಷ್ಟ್ರು, ಇವರ ಮಾತು ಸುಳ್ಳಾಗುತ್ತಾ?"

ಕಾವಲುಗಾರ ಅವಳ ಒಣ ಚಪ್ಪಲಿಯನ್ನೊಮ್ಮೆ, ಮೇಷ್ಟ್ರ ತೊಟ್ಟಿಕ್ಕುವ ಪ್ಯಾಂಟನ್ನೊಮ್ಮೆ ನೋಡಿದ.

"ಹೇಳ್ರೀ ಮೇಷ್ಟ್ರೇ, ಇವರಿಗೆ ಬರುತ್ತೋ, ಬರಲ್ವೋ?"

ಮೇಷ್ಟ್ರು ಕಿವಿಯ ಪಾಚಿ ಕೀಳತೊಡಗಿದರು. ಅವಳು ಉತ್ತರಕ್ಕೆ ಕಾಯದೆ ಬಸ್ಸು ಹಿಡಿಯಲು ರಸ್ತೆಯ ಕಡೆ ನಡೆದಳು.