ಕಾರ್ಡಿಲ್ಲದ ಫ್ರಿಜ್ಜು

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಮುತ್ತಿನಕ್ಕ ಎಂದು ಕರೆಯುತ್ತಿದ್ದರು. ಕೊರಳಲ್ಲಿ ಮುತ್ತಿದ್ದುದಕ್ಕಲ್ಲ, ಬರೆದರೆ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು ಎಂಬುದಕ್ಕೆ. ಹತ್ತೊಂಬತ್ತು ವರ್ಷಗಳಿಂದ ಆ ಫ್ರಿಜ್ ಅಂಗಡಿಯ ಗಾಜಿನ ಮೇಜಿನ ಹಿಂದೆ ಕುಳಿತು, ಮಾರಾಟವಾದ ಒಂದೊಂದು ಫ್ರಿಜ್ಜಿಗೂ ವಾರಂಟಿ ಕಾರ್ಡು ತುಂಬುವುದು ಅವಳ ಕೆಲಸ. ಕೊಂಡವರ ಹೆಸರು, ಫ್ರಿಜ್ಜಿನ ಹಿಂಬದಿಯ ಸಂಖ್ಯೆ, ವಿಳಾಸ, ಫೋನು. ಹೆಸರನ್ನೂ ಸಂಖ್ಯೆಯನ್ನೂ ಅವಳು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದಳು. ವಿಳಾಸದ ಸಾಲಿನಲ್ಲಿ ಮಾತ್ರ, ಯಾರೇ ಕೊಳ್ಳಲಿ, ಅಂಗಡಿಯ ವಿಳಾಸವನ್ನೇ ಬರೆಯುತ್ತಿದ್ದಳು. ಫೋನಿನ ಸಾಲಿನಲ್ಲಿ ಅಂಗಡಿಯ ಫೋನನ್ನೇ.

ಇದು ಯಜಮಾನರ ಅಪ್ಪಣೆ. ನಿಜವಾದ ವಿಳಾಸ ಕೊಟ್ಟರೆ ಕಂಪನಿಯವರು ಗಿರಾಕಿಯನ್ನು ನೇರವಾಗಿ ಹಿಡಿದು ರಿಪೇರಿ ಕೆಲಸವನ್ನೆಲ್ಲ ತಾವೇ ಕಸಿದುಕೊಳ್ಳುತ್ತಾರೆ ಎಂಬುದು ಅವರ ಲೆಕ್ಕಾಚಾರ. “ಹೆಣ್ಣು ಹುಡುಕೋದು ನಾವು, ಮದುವೆ ಊಟ ಅವರಿಗಾ?” ಎಂದು ನಗುತ್ತಿದ್ದರು. ಗಿರಾಕಿಗಳು ಓದದೆ ಸಹಿ ಹಾಕುತ್ತಿದ್ದರು; ಓದಿದವರೂ ಅಕ್ಷರ ಎಷ್ಟು ಚೆನ್ನಾಗಿದೆ ಎಂದು ಹೊಗಳಿ ಹೋಗುತ್ತಿದ್ದರು. ಮೊದಲ ಕೆಲವು ಕಾರ್ಡುಗಳನ್ನು ತುಂಬುವಾಗ ಮುತ್ತಿನಕ್ಕನ ಕೈ ತಡೆದದ್ದುಂಟು. ಆಮೇಲೆ ತಡೆಯಲಿಲ್ಲ. ಸುಳ್ಳನ್ನು ದಿನವೂ ಬರೆದರೆ ಅದು ರೂಢಿ ಎನ್ನಿಸಿಕೊಳ್ಳುತ್ತದೆ, ರೂಢಿಗೆ ಯಾರೂ ನಾಚುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ಅಂಚೆಯವನು ಒಂದು ಚೀಲವನ್ನೇ ತಂದು ಮೇಜಿನ ಮೇಲೆ ಕವುಚಿದ. ಎಲ್ಲ ಒಂದೇ ಬಗೆಯ ಲಕೋಟೆಗಳು. ಒಂದೊಂದರ ಮೇಲೆ ಒಂದೊಂದು ಹೆಸರು, ವಿಳಾಸ ಮಾತ್ರ ಎಲ್ಲಕ್ಕೂ ಇದೇ ಅಂಗಡಿಯದು. ಇಷ್ಟು ಸಂಸಾರಗಳು ಈ ಒಂದು ಮಳಿಗೆಯಲ್ಲಿ ಹೇಗೆ ಮಲಗುತ್ತವೆ ಎಂದು ಅವನು ಕೇಳಿದ. ಮುತ್ತಿನಕ್ಕ ನಕ್ಕಳು. ಎಣಿಸಿದರೆ ಅರವತ್ತಮೂರು. ಅವುಗಳ ಜೊತೆ ಯಜಮಾನರಿಗೂ ಒಂದು ಕಾಗದವಿತ್ತು. ಅದನ್ನು ಅವಳು ಒಡೆದು ಓದಿದಳು.

ಎರಡು ವರ್ಷದ ಹಿಂದೆ ಮಾರಿದ ಒಂದು ಮಾದರಿಯ ಫ್ರಿಜ್ಜಿನಲ್ಲಿ, ಹಿಂಬದಿಯ ಮೋಟಾರಿನ ಪಕ್ಕದ ಸಣ್ಣ ಬಿಡಿಭಾಗವೊಂದು ಕಾದು, ಪ್ಲಾಸ್ಟಿಕ್ ಹೊದಿಕೆಗೆ ಬೆಂಕಿ ಹತ್ತುವ ಸಂಭವ ಕಂಡುಬಂದಿದೆ. ಆದ ಕಾರಣ ಆ ಫ್ರಿಜ್ಜುಗಳನ್ನೆಲ್ಲ ಕಂಪನಿ ಹಿಂದಕ್ಕೆ ಪಡೆಯುತ್ತದೆ. ಬಳಸುವವರು ಈ ಪತ್ರ ಕಂಡ ಕೂಡಲೆ ಪ್ಲಗ್ಗು ಕೀಳಬೇಕು. ಇಷ್ಟೇ ವಿಷಯ. ಎಷ್ಟು ಮನೆಗಳಲ್ಲಿ ಆಗಲೇ ಬೆಂಕಿ ಹತ್ತಿತ್ತು ಎಂಬುದನ್ನು ಬರೆಯುವಷ್ಟು ಪ್ರಾಮಾಣಿಕತೆ ಆ ಕಾಗದಕ್ಕಿರಲಿಲ್ಲ. ಲಕೋಟೆ ಅಂಟಿಸಿದ ಕೂಡಲೆ ತಾವು ಕೈ ತೊಳೆದುಕೊಂಡಂತಾಯಿತು ಎಂದು ಕಂಪನಿಯವರು ತಿಳಿದಿರಬೇಕು.

ಯಜಮಾನರು ಕಾಗದವನ್ನು ಎರಡು ಸಲ ಓದಿದರು. ಶನಿವಾರ, ಭಾನುವಾರ ಅಂಗಡಿಯಲ್ಲಿ ರಿಯಾಯಿತಿ ಮಾರಾಟ. ಗೋದಾಮು ತುಂಬಿ ನಿಂತಿದೆ. ಬೆಂಕಿ ಎಂಬ ಮಾತು ಬೀದಿಗೆ ಬಿದ್ದರೆ ಹೊಸ ಫ್ರಿಜ್ಜು ಕೊಳ್ಳುವವರಿರಲಿ, ಹಳೆಯದನ್ನು ವಾಪಸು ತರುವವರು ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ಮಾರಾಟ ಮುಗಿದ ಮೇಲೆ, ಮುಂದಿನ ಸೋಮವಾರ ಎಲ್ಲರಿಗೂ ಹೇಳೋಣ ಎಂದರು. ಅಷ್ಟರಲ್ಲಿ ಏನಾದರೂ ಆದರೆ ಎಂದು ಮುತ್ತಿನಕ್ಕ ಕೇಳಿದಳು.

“ಬೀಸೋ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯುಸ್ಸು ಕಣಮ್ಮ. ಎರಡು ವರ್ಷ ಆಗದೇ ಇದ್ದದ್ದು ಆರು ದಿನದಲ್ಲಿ ಆಗುತ್ತಾ?”

ಅವರು ಕೆಟ್ಟವರಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಜಗತ್ತಿನ ಅರ್ಧ ಕೇಡು ಕೆಟ್ಟವರಲ್ಲದವರ ಕೈಯಿಂದಲೇ ಆಗುತ್ತದೆ. ಇನ್ನರ್ಧ, ಅವರೆದುರು ಸುಮ್ಮನೆ ನಿಂತವರಿಂದ.

ಆದರೆ ಅವಳು ಪೂರ್ತಿ ಸುಮ್ಮನಿರಲಿಲ್ಲ, ನೋಡಿ. ಅರವತ್ತಮೂರರಲ್ಲಿ ಒಂದು ಲಕೋಟೆಯ ಮೇಲಿದ್ದದ್ದು ಅವಳ ತಂಗಿಯ ಹೆಸರು. ಮಧ್ಯಾಹ್ನ ಊಟದ ಹೊತ್ತಿಗೆ ಗೋದಾಮಿನ ಮೂಲೆಗೆ ಹೋಗಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು, ತಗ್ಗಿದ ದನಿಯಲ್ಲಿ ತಂಗಿಗೆ ಫೋನು ಮಾಡಿದಳು. ಪ್ಲಗ್ಗು ಕಿತ್ತ ಸದ್ದು ಫೋನಿನಲ್ಲೇ ಕೇಳಿಸುವ ತನಕ ಬಿಡಲಿಲ್ಲ. ಒಂದು ಪಾತ್ರೆ ಹಾಲು ಕೆಡುತ್ತದಲ್ಲ ಎಂದು ಗೊಣಗಿದ ತಂಗಿ, ಆಮೇಲೆ ಕೇಳಿದಳು:

“ಬೇರೆಯವರಿಗೆಲ್ಲ ಹೇಳಿದ್ಯಾ ಅಕ್ಕಾ?”

“ಹೇಳ್ತಾರೆ ಬಿಡೆ,” ಎಂದಳು ಮುತ್ತಿನಕ್ಕ.

ಉಳಿದವರ ವಿಳಾಸ ತನ್ನಲ್ಲಿಲ್ಲ, ತಾನೇನು ಮಾಡಲಿ ಎಂಬುದು ಅವಳು ಮನಸ್ಸಿಗೆ ಕೊಟ್ಟ ಸಮಾಧಾನ. ವಿಳಾಸ ಇಲ್ಲದ್ದು ನಿಜ. ಇಲ್ಲದಂತೆ ಮಾಡಿದ್ದು ಅವಳದೇ ಮುತ್ತಿನಂಥ ಅಕ್ಷರ. ಸಾಗಣೆಯ ಚೀಟಿಗಳೂ ತಿಂಗಳಿಗೊಮ್ಮೆ ರದ್ದಿಗೆ ಹೋಗುತ್ತಿದ್ದವು. ಆದರೆ ಅರವತ್ತಮೂರು ಮನೆಗಳೂ ಗೊತ್ತಿದ್ದ ಮನುಷ್ಯನೊಬ್ಬ ಅಂಗಡಿಯಲ್ಲೇ ಇದ್ದ, ದಿನಕ್ಕೆ ನಾಲ್ಕು ಸಲ ಅವಳ ಮೇಜಿನ ಮುಂದೆ ಹಾದುಹೋಗುತ್ತಿದ್ದ. ಅವನನ್ನು ಬೆನ್ನಣ್ಣ ಎನ್ನುತ್ತಿದ್ದರು. ಲಿಫ್ಟಿಲ್ಲದ ಕಟ್ಟಡಗಳಿಗೆ ಫ್ರಿಜ್ಜನ್ನು ಅಗಲವಾದ ಪಟ್ಟಿಯಲ್ಲಿ ಬೆನ್ನಿಗೆ ಬಿಗಿದುಕೊಂಡು ಒಬ್ಬನೇ ಹತ್ತಿಸುತ್ತಿದ್ದ ಆಳು. ಕೊಂಡವರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ. ಹೆಸರು ಹೇಳಿದರೆ ಮಾತ್ರ ಮನೆ ಯಾವುದು, ಮೆಟ್ಟಿಲು ಎಷ್ಟು, ತಿರುವು ಎಲ್ಲಿ ಇಕ್ಕಟ್ಟು, ಯಾವ ಬಾಗಿಲ ಚೌಕಟ್ಟು ಮೊಣಕೈ ತರಚಿತು ಎಂಬುದೆಲ್ಲ ನೆನಪಾಗುತ್ತಿತ್ತು.

ಅದೇ ಸಂಜೆ ಅವನು ಮೇಜಿಗೆ ಒರಗಿ, ಲಕೋಟೆಗಳ ರಾಶಿಯನ್ನು ನೋಡಿ, “ಏನಕ್ಕಾ, ಇಷ್ಟೊಂದು ಪ್ರೇಮಪತ್ರ?” ಎಂದ.

“ಕಂಪನಿಯವರ ಜಾಹೀರಾತು,” ಎಂದು ಅವಳು ರಾಶಿಯನ್ನು ಮೇಜಿನ ಡ್ರಾಯರಿಗೆ ಸೇರಿಸಿ ಬೀಗ ಹಾಕಿದಳು. ಅವನು ನಕ್ಕ. ಹೆಂಡತಿ ಕಾಯುತ್ತಿರುತ್ತಾಳೆ, ಶಾಲೆಯ ಸಮವಸ್ತ್ರಗಳ ಹೊಲಿಗೆ ಒಪ್ಪಿಕೊಂಡಿದ್ದಾಳೆ, ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಟ್ಟೆ ಎಂದು ಹೇಳಿ ಹೊರಟ.

ಮಂಗಳವಾರ, ಬುಧವಾರ, ಗುರುವಾರ ಏನೂ ಆಗಲಿಲ್ಲ. ಏನೂ ಆಗದ ಒಂದೊಂದು ದಿನವೂ ಅವಳ ಎದೆಯ ಭಾರವನ್ನು ಒಂದಿಷ್ಟು ಇಳಿಸಿತು. ಗುರುವಾರದ ಹೊತ್ತಿಗೆ ಯಜಮಾನರ ಮಾತೇ ಸರಿಯಿರಬಹುದು ಎನ್ನಿಸತೊಡಗಿತ್ತು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯ ಫೋನು ಬಡಿದುಕೊಂಡಿತು. ಬೆನ್ನಣ್ಣನ ಪಕ್ಕದ ಮನೆಯವರು. ಅವನ ಮನೆಗೆ ಬೆಂಕಿ ಬಿದ್ದಿದೆ, ಅವನನ್ನು ಕೂಡಲೆ ಕಳಿಸಿ ಎಂದರು. ಅವನು ಟೆಂಪೊ ಹತ್ತಿ ಹೋದ ಮೇಲೆ ಇನ್ನೊಂದು ಕರೆ ಬಂತು. ಮೊದಲು ಹೊಗೆ ಕಂಡಾಗ ಅವನ ಹೆಂಡತಿ ಹೊರಗೆ ಓಡಿ ಬಂದಿದ್ದಳಂತೆ, ಕೂದಲೂ ಸೀದಿರಲಿಲ್ಲವಂತೆ. ಜನರ ಬಟ್ಟೆ ಒಳಗಿದೆ, ಮಕ್ಕಳು ಸೋಮವಾರ ಏನು ಹಾಕಿಕೊಂಡು ಹೋಗುತ್ತವೆ ಎಂದು ಮತ್ತೆ ಒಳಗೆ ಹೋದಳಂತೆ. ಎರಡು ಗಂಟು ಹೊರಗೆ ಎಸೆದಳಂತೆ. ಮೂರನೆಯದಕ್ಕೆ ಹೋದವಳು ಬರಲಿಲ್ಲ.

“ಅವನ ಮನೇಲಿ ಯಾವ ಫ್ರಿಜ್ಜಿತ್ತು?” ಯಜಮಾನರು ಕೇಳಿದರು. ಅವರ ಮುಖ ಬಿಳಿಚಿಕೊಂಡಿತ್ತು.

ನಮ್ಮ ಪಟ್ಟಿಯಲ್ಲಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಅರವತ್ತಮೂರು ಕಾರ್ಡು, ಅರವತ್ತಮೂರು ಲಕೋಟೆ, ತಾಳೆಯಾಗಿತ್ತಲ್ಲ. ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಫ್ರಿಜ್ಜು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಾಗಿ ಮೂಲೆ ನೆಗ್ಗಿತ್ತು. ಗಿರಾಕಿ ಬೇಡವೆಂದು ವಾಪಸು ಕಳಿಸಿದ. ನಿನ್ನ ಬೆನ್ನಿಗೆ ಅಂಟಿದ್ದು ನಿನ್ನ ಮನೆಗೇ ಹೋಗಲಿ ಎಂದು ಯಜಮಾನರು ಅದನ್ನು ಬೆನ್ನಣ್ಣನಿಗೆ ಕೊಟ್ಟರು. ಕಾರ್ಡು ಕೊಡಿ ಎಂದು ಅವನು ಕೇಳಿದ್ದ; ನೆಗ್ಗಿದ್ದಕ್ಕೆ ಎಂಥ ವಾರಂಟಿ ಎಂದು ಎಲ್ಲರೂ ನಕ್ಕಿದ್ದರು. ಬರೆದಿದ್ದ ಕಾರ್ಡನ್ನು ಎರಡು ತುಂಡಾಗಿ ಹರಿದವಳು ಅವಳೇ. ತಾನು ಬರೆದಿಟ್ಟದ್ದು ಮಾತ್ರವೇ ಇದೆ, ಹರಿದದ್ದು ಇಲ್ಲ ಎಂದು ಹತ್ತೊಂಬತ್ತು ವರ್ಷ ಕಾರ್ಡು ತುಂಬಿದ ಬುದ್ಧಿ ನಂಬಿಬಿಟ್ಟಿತ್ತು.

ಶನಿವಾರ ಯಜಮಾನರು ಅಂಗಡಿ ಮುಚ್ಚಿಸಿದರು, ಬೆನ್ನಣ್ಣನ ಹೆಂಡತಿಯ ಮಣ್ಣಿಗೆ ಬಂದು ಕಣ್ಣೀರಿಟ್ಟರು. ಆ ಕಣ್ಣೀರು ಸುಳ್ಳೆಂದು ಹೇಳಲಾಗದು. ಆದರೆ ಒದ್ದೆಗಣ್ಣಿನಲ್ಲೇ ಮುತ್ತಿನಕ್ಕನನ್ನು ಪಕ್ಕಕ್ಕೆ ಕರೆದು, ಆ ಫ್ರಿಜ್ಜಿಗೆ ಕಾರ್ಡಿಲ್ಲ, ಕಾರ್ಡಿಲ್ಲದ್ದನ್ನು ನಾವು ಮಾರಿಯೇ ಇಲ್ಲ, ಯಾರಾದರೂ ಕೇಳಿದರೆ ಅವನ ಮನೆಯ ವೈರಿಂಗು ಹಳೆಯದಿತ್ತು ಎನ್ನಬೇಕು ಎಂದೂ ಹೇಳಿದರು. ಅಳುವ ಕಣ್ಣೇ ಲೆಕ್ಕ ಹಾಕುವುದನ್ನು ಅವಳು ಅಂದು ಕಂಡಳು. ತಂಗಿಯ ಲಕೋಟೆಯನ್ನು ಮಾತ್ರ ಆರಿಸಿದ ತನ್ನ ಕಣ್ಣೂ ಸೋಮವಾರ ಅದನ್ನೇ ಮಾಡಿತ್ತು.

ಭಾನುವಾರ ಬೆಳಿಗ್ಗೆ ಅವಳು ಡ್ರಾಯರಿನ ಬೀಗ ತೆಗೆದು, ಲಕೋಟೆಗಳನ್ನು ಚೀಲಕ್ಕೆ ತುಂಬಿ, ಬೀಗದ ಕೈಯನ್ನು ಯಜಮಾನರ ಮೇಜಿನ ಮೇಲಿಟ್ಟು ಬೆನ್ನಣ್ಣನ ಮನೆಗೆ ಹೋದಳು.

ಅವನು ಪಕ್ಕದ ಮನೆಯ ಜಗಲಿಯ ಮೇಲಿದ್ದ. ಹೊರಗೆ ಬಿದ್ದಿದ್ದ ಎರಡು ಗಂಟುಗಳನ್ನು ಬಿಚ್ಚಿ, ಪುಟ್ಟ ಅಂಗಿಗಳನ್ನು ಅಳತೆಗೆ ತಕ್ಕ ಹಾಗೆ ಜೋಡಿಸುತ್ತಿದ್ದ. ಹೊಗೆಯ ವಾಸನೆ ಹೋಗಲಿ ಎಂದು ಎರಡು ಸಲ ಒಗೆದನಂತೆ. ಹೋಗಿರಲಿಲ್ಲ. ಅವನ ಕೈಗಳಿಗೆ ಅಷ್ಟು ಸಣ್ಣ ವಸ್ತುಗಳ ಅಭ್ಯಾಸವಿರಲಿಲ್ಲ. ಒಂದೊಂದು ಗುಂಡಿ ಹಾಕಲು ಬಹಳ ಹೊತ್ತು ಹಿಡಿಯುತ್ತಿತ್ತು.

ಅವಳು ಕಾಗದದ ವಿಷಯ ಹೇಳಿದಳು. ಆ ಮಾದರಿ, ಆ ಬಿಡಿಭಾಗ, ಹರಿದ ಕಾರ್ಡು. ಪತ್ರಗಳು ಬಂದಿವೆ, ಮನೆಗಳು ಯಾರಿಗೂ ಗೊತ್ತಿಲ್ಲ, ನಿನಗೆ ಮಾತ್ರ ಗೊತ್ತು, ಇವತ್ತೇ ಹೋಗಬೇಕು ಎಂದಳು. ಯಾವತ್ತು ಬಂದವೆಂದು ಹೇಳಲಿಲ್ಲ. ಹೇಳಬೇಕೆಂದೇ ಬಂದಿದ್ದಳು, ಆ ಅಂಗಿಗಳನ್ನು ಕಂಡ ಮೇಲೆ ನಾಲಿಗೆ ಹೊರಳಲಿಲ್ಲ.

ಅವನು ಕೈಯಲ್ಲಿದ್ದ ಅಂಗಿಯ ಗುಂಡಿ ಹಾಕಿ ಮುಗಿಸಿ ಪಕ್ಕಕ್ಕಿಟ್ಟ. ಆಮೇಲೆ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

“ಎಷ್ಟು ಮನೆ?”

“ಅರವತ್ತೆರಡು.”

ಅವನು ಲಕೋಟೆಗಳನ್ನು ಒಂದೊಂದಾಗಿ ಮಡಿಲಿಗೆ ತೆಗೆದ. ಸಾಮಾನು ಎಣಿಸಿ ಇಳಿಸುವುದು ಅವನ ಕಸುಬು, ಕೈ ತಾನಾಗಿಯೇ ಎಣಿಸಿತು.

“ಇಲ್ಲಿ ಅರವತ್ತಮೂರಿದೆ.”

ಅವಳು ನೆಲ ನೋಡಿದಳು. “ಒಂದು ನನ್ನ ತಂಗಿದು. ಅವಳಿಗೆ ಹೇಳಿದೀನಿ.”

“ಯಾವತ್ತು?”

ಸುಳ್ಳಿಗೆ ಅಲ್ಲಿಯೂ ಎಡೆಯಿತ್ತು. ನಿನ್ನೆ ಎಂದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ, ಬಂದು ಮನೆ ತೋರಿಸುತ್ತಿದ್ದ, ಅವಳನ್ನು ಎಂದಿನಂತೆ ಅಕ್ಕಾ ಎನ್ನುತ್ತಿದ್ದ. ನಿಜ ಹೇಳಿದರೆ ಅವನು ಎದ್ದು ಬರುತ್ತಾನೋ ಇಲ್ಲವೋ. ಬರದಿದ್ದರೆ ಆ ಅರವತ್ತೆರಡು ಮನೆಗಳ ಗತಿ ಏನೋ. ಆದರೂ ಬದುಕಿನಲ್ಲಿ ಒಂದು ವಿಳಾಸವನ್ನಾದರೂ ಸರಿಯಾಗಿ ಬರೆಯಬೇಕಿತ್ತು.

“ಸೋಮವಾರ,” ಎಂದಳು. “ನೀನು ಏನು ಪತ್ರ ಅಂತ ಕೇಳಿದ್ಯಲ್ಲ, ಅವತ್ತು. ನೀನು ಕೇಳೋ ಹೊತ್ತಿಗೆ ತಂಗಿಗೆ ಹೇಳಿ ಆಗಿತ್ತು.”

ಅವನು ಪಕ್ಕಕ್ಕಿಟ್ಟ ಅಂಗಿಯನ್ನು ಎತ್ತಿಕೊಂಡು ಮಡಿಸಿದ. ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದ. ಅವಳು ಬೈಗುಳಕ್ಕೆ ಕಾದಳು, ಹೊಡೆತಕ್ಕೂ ಕಾದಳು. ಎರಡೂ ಬರಲಿಲ್ಲ. ಅವು ಬಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಗುರುವಾರ ರಾತ್ರಿ ಅವಳು ಹೇಳಿದ್ಲು,” ಎಂದ ಅವನು, ಯಾರಿಗೋ ಎಂಬಂತೆ. “ಫ್ರಿಜ್ಜಿನ ಹಿಂದೆ ಏನೋ ಸುಟ್ಟ ವಾಸನೆ ಬರುತ್ತೆ, ಅಂಗಡಿಯಲ್ಲಿ ಅಕ್ಕನ್ನ ಒಂದು ಮಾತು ಕೇಳಿ ಅಂತ. ಏನಾದ್ರೂ ಇದ್ದಿದ್ರೆ ಅಕ್ಕ ಹೇಳ್ತಿದ್ರು ಅಂದೆ ನಾನು.”

ಅವನು ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡ. ಅವಳು ಹಿಂದೆ ನಡೆದಳು. ದಾರಿಯುದ್ದಕ್ಕೂ ಅವನು ತಿರುಗಿ ನೋಡಲಿಲ್ಲ.

ಮೊದಲ ಮನೆ ಮೂರನೆಯ ಮಹಡಿ. ಬಾಗಿಲು ತೆರೆದ ಹೆಂಗಸು ಬೆನ್ನಣ್ಣನ ಗುರುತು ಹಿಡಿದಳು. ಪತ್ರ ಓದಿ, ಇದೆಲ್ಲ ಹೊಸ ಫ್ರಿಜ್ಜು ತಲೆಗೆ ಕಟ್ಟುವ ಉಪಾಯ, ಅಂಗಡಿಯಲ್ಲಿ ಮಾರಾಟ ನಡೆಯುತ್ತಿರುವುದು ನಮಗೂ ಗೊತ್ತು, ಚೆನ್ನಾಗಿ ಓಡುತ್ತಿರುವುದನ್ನು ಏಕೆ ಕೀಳಬೇಕು ಎಂದು ನಗುತ್ತಲೇ ವಾದಿಸಿದಳು. ಒಳಗೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದರ ಬಾಗಿಲಿಗೆ ಮಗುವಿನ ಚಿತ್ರವೊಂದನ್ನು ಅಂಟಿಸಿದ್ದರು.

“ಸರಿ, ಹಾಗಾದ್ರೆ ನೀವೇ ಹೇಳಿ,” ಎಂದಳು ಆಕೆ ಬೆನ್ನಣ್ಣನಿಗೆ. “ನಿಮ್ಮ ಮನೇಲಿ ಯಾವ ಫ್ರಿಜ್ಜಿದೆ? ಅದನ್ನೇ ತಗೋತೀವಿ.”



“ಇದೇ ಇತ್ತು,” ಎಂದ ಅವನು.

ಇತ್ತು ಎಂದ ಬಗೆಯಲ್ಲಿ ಏನಿತ್ತೋ, ಹೆಂಗಸು ಅವನ ಮುಖವನ್ನು ಒಮ್ಮೆ ನೋಡಿದಳು, ಅಂಗಿಯ ತೋಳಿಗೆ ಹತ್ತಿದ್ದ ಮಸಿಯನ್ನು ನೋಡಿದಳು. ಒಳಗೆ ಹೋಗಿ ತಾನೇ ಪ್ಲಗ್ಗು ಕಿತ್ತಳು. ಗುಂಯ್ ಎಂಬ ಸದ್ದು ನಿಂತಿತು.

ಮೆಟ್ಟಿಲಿಳಿಯುವಾಗ ಮುತ್ತಿನಕ್ಕ ಏನೋ ಹೇಳಹೊರಟಳು. ಕ್ಷಮಿಸು ಎಂಬ ಮಾತೇ ಇರಬೇಕು. ಅವನು ಕೈಯೆತ್ತಿ ತಡೆದ.

“ನಿಮ್ಮ ಹತ್ರ ಮಾತಾಡೋಕೆ ನನ್ನಿಂದ ಆಗಲ್ಲ. ಇವತ್ತೂ ಆಗಲ್ಲ, ಮುಂದೂ ಆಗಲ್ಲ. ಹೆಸರು ಓದ್ತಾ ಹೋಗಿ, ಸಾಕು.”

ಅವಳು ಮುಂದಿನ ಲಕೋಟೆ ತೆಗೆದಳು. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಹೆಸರನ್ನು ಗಟ್ಟಿಯಾಗಿ ಓದಿದಳು. ಅವನು ಯೋಚಿಸಿ, ಬೀದಿಗಿಳಿದು ಎದುರಿನ ಓಣಿಗೆ ತಿರುಗಿದ.