ಹುಳದ ಮನೆಯ ಸದ್ದು

ಅಕ್ಕೂರಿನಲ್ಲಿ ಸದ್ದಿಲ್ಲದ ಜಾಗ ಅಂತ ಒಂದಿದ್ದರೆ ಅದು ತನ್ನ ರೇಷ್ಮೆ ಹುಳದ ಮನೆಯೇ ಎಂದು ಕೆಂಚಮ್ಮ ಎದೆ ತಟ್ಟಿ ಹೇಳುತ್ತಿದ್ದಳು. ಗೂಡಿನ ಬೆಲೆ ಏರಿದ್ದೇ ಏರಿದ್ದು, ಊರಿಗೆ ಊರೇ ರೇಷ್ಮೆಗೆ ಬಿದ್ದಿತ್ತು. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪಿನ ಟ್ರ್ಯಾಕ್ಟರು, ಬೋರಿನ ಮೋಟರು, ಪಕ್ಕದ ಹೊಲದಲ್ಲಿ ಹೊಸ ಹುಳದ ಮನೆ ಕಟ್ಟಿಸುತ್ತಿದ್ದ ನಂಜುಂಡಯ್ಯನ ಕಾಂಕ್ರೀಟ್ ಮಿಕ್ಸರು. ಕೆಂಚಮ್ಮನ ಹುಳದ ಮನೆ ಮಾತ್ರ ತೋಟದ ನಡುವೆ ದಪ್ಪ ಗೋಡೆಯೊಳಗೆ ತಣ್ಣಗೆ ಕೂತಿತ್ತು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿ, ದನಿ ತಗ್ಗಿಸಬೇಕು. ಗಂಡ ದಾಸಪ್ಪ ಒಮ್ಮೆ ಒಳಗೆ ಸೀನಿದ್ದಕ್ಕೆ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

ಅತ್ತೆ ಶಿವಲಿಂಗಮ್ಮನ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿಕೊಳ್ಳಲು ಜಹೀದಾ ಬಂದದ್ದು ಶುಕ್ರವಾರ. ಊರವರ ಗೂಡು ತೂಗಿ ಕೊಳ್ಳುವ ರಾಮನಗರದ ರೀಲರ್ ಮೆಹಬೂಬನ ಮಗಳು; ಹಳೆಯ ಹಾಡುಗಳನ್ನು ಸಂಗ್ರಹಿಸುವ ಸಂಸ್ಥೆಯೊಂದರಲ್ಲಿ ಕೆಲಸ. ಆ ಸಂಸ್ಥೆಯದೊಂದು ಕಟ್ಟುನಿಟ್ಟು: ಹಾಡುವ ಕೋಣೆಯ ಸದ್ದನ್ನು ಮೊದಲು ಅಳೆಯಬೇಕು, ಅದು ಮೂವತ್ತು ಡೆಸಿಬಲ್ ದಾಟಬಾರದು. ಇತ್ತ ಶಿವಲಿಂಗಮ್ಮನಿಗೆ ಉಳಿದಿದ್ದ ಮುಂದಿನ ಆರು ಹಲ್ಲುಗಳೂ ಕೀವು ತುಂಬಿ ಅಲ್ಲಾಡುತ್ತಿದ್ದವು. ಸೋಮವಾರ ಕೀಳಲೇಬೇಕು, ಒಂದು ದಿನವೂ ಮುಂದೂಡುವಂತಿಲ್ಲ ಎಂದಿದ್ದರು ಚನ್ನಪಟ್ಟಣದ ಡಾಕ್ಟರು.

"ಹಲ್ಲು ಓದ್ಮ್ಯಾಕೆ ನಾನು ಹಾಡುದ್ರೆ ಪದ ಬರಾಕಿಲ್ಲ ಕಣವ್ವ, ಗಾಳಿ ಬತ್ತದೆ," ಎಂದಳು ಮುದುಕಿ.

ನಡುಮನೆಯಲ್ಲಿ ಅಳೆದಾಗ ನಲವತ್ತಾರು ಬಂತು. ಫ್ರಿಜ್ ಆರಿಸಿದರೂ ನಂಜುಂಡಯ್ಯನ ಮಿಕ್ಸರು ಕೇಳುತ್ತಿತ್ತು. "ಇಲ್ಲ್ಯಾಕೆ ಒದ್ದಾಡೀಯೆ, ನನ್ನ ಹುಳದ ಮನೆಗೆ ಬಾ," ಎಂದಳು ಕೆಂಚಮ್ಮ. ಹೊರಗಿನವರನ್ನು ಅವಳು ಒಳಗೆ ಬಿಟ್ಟದ್ದೇ ಇಲ್ಲ. ಆದರೆ ಸೊಸೆಯಾಗಿ ಬಂದ ದಿನ ಹೊಸಿಲಲ್ಲಿ ಅಳುತ್ತ ನಿಂತವಳನ್ನು ಪದ ಹಾಡಿಯೇ ನಗಿಸಿ ಒಳಗೆ ಕರೆದುಕೊಂಡ ಅತ್ತೆ ಅವಳು. ಆ ಪದ ಗಾಳಿಗೆ ಹೋಗಬಾರದು.

ನಾಲ್ಕು ಗಂಟೆಗೆ ಅಳೆಯುವುದೆಂದು ಮಾತಾಯಿತು. ಮೂರೂವರೆಗೆ ಕೆಂಚಮ್ಮ ಹುಳಗಳಿಗೆ ಎಳೆಯ ಸೊಪ್ಪನ್ನು ಎಂದಿಗಿಂತ ಒಂದು ಹೊರೆ ಜಾಸ್ತಿಯೇ ಹರಡಿದಳು. ಹಸಿದ ಕೂಸು ತಾನೇ ರಂಪ ಮಾಡುವುದು? ಹೊಟ್ಟೆ ತುಂಬಿದರೆ ಹುಳವೂ ಸುಮ್ಮನಿರುತ್ತದೆ ಎಂಬುದು ಅವಳ ಲೆಕ್ಕ.

ಜಹೀದಾ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗೋಡೆಯಿಂದ ದೂರ, ನಿಂತ ಹೆಂಗಸಿನ ಬಾಯಿಯ ಎತ್ತರಕ್ಕೆ ನಿಲ್ಲಿಸಿದಳು. ಲ್ಯಾಪ್‌ಟಾಪಿನ ಫ್ಯಾನ್ ಕೂಡ ಸದ್ದು ಮಾಡುತ್ತದೆಂದು ಉದ್ದ ವೈರು ಎಳೆದು ಅದನ್ನು ಪಕ್ಕದ ಸೊಪ್ಪಿನ ಕೋಣೆಯಲ್ಲಿಟ್ಟಳು. ಆಮೇಲೆ ಮೈಕಿನ ಮೂತಿಗೊಂದು ಪುಟ್ಟ ಡಬ್ಬಿ ತೊಡಿಸಿದಳು. ಅದು ಕುಯ್ಯೆಂದಿತು.

"ಏನವ್ವಾ ಅದು?"

"ಇದರ ಸದ್ದು ಯಾವಾಗ್ಲೂ ತೊಂಬತ್ನಾಲ್ಕೇ ಅಕ್ಕ. ಕಂಪ್ಯೂಟರೂ ತೊಂಬತ್ನಾಲ್ಕು ಅಂದ್ರೆ ಅಳತೆ ಸರಿ ಅಂತ."

"ತಕ್ಕಡಿಗೆ ತೂಕದ ಕಲ್ಲು ಇಟ್ಟು ನೋಡ್ದಂಗೆ! ನಿಮ್ಮಪ್ಪನ್ ತಕ್ಕಡೀಗೂ ಒಸಿ ಹಿಂಗೇ ಮಾಡವ್ವ." ಜಹೀದಾ ನಕ್ಕಳು.

ಎಲ್ಲರೂ ಹೊರಬಂದು ಬಾಗಿಲು ಹಾಕಿ ಸೊಪ್ಪಿನ ಕೋಣೆ ಸೇರಿದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯೊಂದು ಎದ್ದು ಬಿದ್ದು ಕುಣಿಯಿತು. ಎಡಗಡೆ ದಪ್ಪ ದನಿ, ಬಲಗಡೆ ಸಣ್ಣ ದನಿ ಎಂದು ಜಹೀದಾ ತೋರಿಸಿಕೊಟ್ಟಳು. ನಲವತ್ತೊಂದು. ದಾಸಪ್ಪ ಓಡಿಹೋಗಿ ಬೋರಿನ ಮೋಟರು ಆರಿಸಿದ. ಎಡಗಡೆಯ ಗುಡ್ಡವೊಂದು ಮಾಯವಾಯಿತು. ಎಕ್ಸಾಸ್ಟ್ ಫ್ಯಾನ್ ಆರಿಸಿದರು. ಇನ್ನೊಂದು ಗುಡ್ಡ ಇಳಿಯಿತು. ಅಂಕಿ ಮಾತ್ರ ಮೂವತ್ತೇಳಕ್ಕೆ ಬಂದು ಕೂತಿತು. ಬಲಗಡೆ ಉದ್ದಕ್ಕೂ ಪೊದೆಯಂಥದೇನೋ ಅಲುಗದೆ ನಿಂತಿತ್ತು.

"ಒಳಗೆ ಏನೋ ಐತೆ ಅಕ್ಕ," ಎಂದಳು ಜಹೀದಾ. ಗೂಡು ಬೇಯಿಸಿ ನೂಲು ಬಿಚ್ಚುವ ಮನೆಯಲ್ಲಿ ಹುಟ್ಟಿದವಳು. ಮೇಯುವ ಹುಳದ ಮನೆಗೆ ಅವಳು ಕಾಲಿಟ್ಟದ್ದು ಇದೇ ಮೊದಲು.

"ಇಪ್ಪತ್ತೊರ್ಸದಿಂದ ಹುಳ ಸಾಕ್ತಿವ್ನಿ, ನನ್ನ ಮನೇಲಿ ಸದ್ದಾ? ನಿನ್ ಮೈಕೇ ಕೆಟ್ಟದೆ!"

"ಹಂಗಾದ್ರೆ ನೀವೇ ಕೇಳಿ," ಎಂದು ಜಹೀದಾ ಅವಳ ಕಿವಿಗೆ ಹೆಡ್‌ಫೋನ್ ಹಾಕಿದಳು.

ಸೊಪ್ಪಿನ ಕೋಣೆಗೆ ಕಿಟಕಿಯಿಲ್ಲ, ಒಳಗೆಲ್ಲ ನಸುಗತ್ತಲು. ಒಂದೇ ಕ್ಷಣ ಕೇಳಿದ ಕೆಂಚಮ್ಮ ಹೌಹಾರಿ ಕೂಗಿದಳು: "ಇವ್ರೇ! ಮಳೆ ಬಂದ್ಬುಡ್ತು! ಅಂಗಳದಲ್ಲಿ ರಾಗಿ ಒಣಗಾಕಿವ್ನಿ, ಟಾರ್ಪಾಲ್ ಎಳೀರಿ!"

ಹೊರಗೆ ಸುಡುಬಿಸಿಲಲ್ಲಿ ನಿಂತಿದ್ದ ದಾಸಪ್ಪ ಆಕಾಶ ನೋಡಿದ, ರಾಗಿ ನೋಡಿದ, ಬಾಗಿಲಲ್ಲಿ ತಲೆ ಹಾಕಿ ಹೆಂಡತಿಯನ್ನು ನೋಡಿದ. "ಯಾವೂರ್ಗಮ್ಮೀ ಮಳೆ?"

ಕೆಂಚಮ್ಮ ಹೆಡ್‌ಫೋನ್ ತೆಗೆದಳು, ಮತ್ತೆ ಹಾಕಿಕೊಂಡಳು. ಕಣ್ಣರಳಿತು. ಮಳೆಯಲ್ಲ. ತಾನೇ ಬಡಿಸಿದ ಸೊಪ್ಪನ್ನು ಸಾವಿರಾರು ಬಾಯಿಗಳು ಕತ್ತರಿಸುವ ಸರಸರ. ಇಪ್ಪತ್ತು ವರ್ಷ ಕಿವಿಯಲ್ಲೇ ಮನೆ ಮಾಡಿಕೊಂಡಿದ್ದ ಸದ್ದು ಅವಳಿಗೆ ಸದ್ದೇ ಆಗಿರಲಿಲ್ಲ.

"ಅಯ್ಯೋ ನನ್ ಬುದ್ಧಿಗಿಷ್ಟು! ಸುಮ್ಕಿರ್ಲಿ ಅಂತ ಉಣ್ಣಾಕಿಕ್ಕಿ ನಾನೇ ಗಲಾಟೆ ಎಬ್ಸಿವ್ನಿ!" ದಾಸಪ್ಪ ನಗುತ್ತ ನೆಲಕ್ಕೇ ಕೂತ.

ಜಹೀದಾ ಮಾತ್ರ ನಗಲಿಲ್ಲ. "ಇನ್ನೆಲ್ಲಿ ಹಾಡ್ಸೋದು ಅಕ್ಕ? ಸೋಮವಾರ ಹಲ್ಲು."

ಕೆಂಚಮ್ಮ ಒಳಗೆ ಹೋಗಿ ತಟ್ಟೆಗಳ ಮೇಲೆ ಬಗ್ಗಿ ನೋಡಿದಳು. ಹುಳಗಳ ಮೈ ಬಿಗಿದು ಮಿಂಚತೊಡಗಿತ್ತು. ಅದರ ಅರ್ಥ ಅವಳಿಗೆ ಗೊತ್ತು. ನಾಲ್ಕನೇ ಜ್ವರ ಹತ್ತಿರ ಬಂದಿದೆ. ಜ್ವರಕ್ಕೆ ಕೂತರೆ ಹುಳ ಪೊರೆ ಕಳಚುವ ತನಕ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ, ಸೊಪ್ಪು ಮುಟ್ಟುವುದಿಲ್ಲ, ಮಿಸುಕುವುದೂ ಇಲ್ಲ. ಆ ಹೊತ್ತಿನಲ್ಲಿ ಒಳಗೆ ನರಪಿಳ್ಳೆಯೂ ಕಾಲಿಡಬಾರದೆಂದು ಕಟ್ಟಳೆ ಮಾಡಿದವಳೂ ಅವಳೇ. ಹುಳ ಬೆದರಿದರೆ ಇಡೀ ಬೆಳೆ ಕೆಡುತ್ತದೆ. ಕೆಂಚಮ್ಮ ತುಸು ಹೊತ್ತು ಸೆರಗಿನ ತುದಿ ಹೊಸೆದಳು. ತಟ್ಟೆ ಅಲುಗಿದರೆ ಹುಳಕ್ಕೆ ಕೇಡು ನಿಜ. ಪದ ಹಾಡಿದರೆ ತಟ್ಟೆ ಅಲುಗುತ್ತದೆಯೆ?

"ಭಾನ್ವಾರ ಬೆಳಿಗ್ಗೆ ಬಾ ಮಗಾ," ಎಂದಳು. "ಒಂದು ಹುಳಾನೂ ಬಾಯಿ ಅಲ್ಲಾಡ್ಸಾಕಿಲ್ಲ. ಆದ್ರೆ ತಟ್ಟೆಗೆ ನಿನ್ ಸೆರಗೂ ತಾಕ್ಬಾರ್ದು."

ಭಾನುವಾರ ಬೆಳಿಗ್ಗೆ ದಾಸಪ್ಪ ಮೋಟರಿನ ಕಾವಲಿಗೆ ನಿಂತ. ನಂಜುಂಡಯ್ಯನ ಗಾರೆಯವರಿಗೆ ಕೆಂಚಮ್ಮ ಒಂದು ಕುಕ್ಕೆ ಇಡ್ಲಿ, ಒಂದು ಪಾತ್ರೆ ಕೋಳಿಸಾರು ಕಳಿಸಿದಳು. ಮಿಕ್ಸರು ನಿಂತಿತು. "ನೋಡ್ದಾ? ಉಣ್ಣಾಕಿಕ್ಕುದ್ರೆ ಗಂಡಸ್ರು ಸುಮ್ಕಾಯ್ತಾರೆ, ಹುಳ ಆಗಾಕಿಲ್ಲ," ಎಂದು ಜಹೀದಾಳ ಕಿವಿಯಲ್ಲಿ ಹೇಳಿದಳು.

ಅಳೆದರು. ಬಲಗಡೆಯ ಪೊದೆ ಪೂರ್ತಿ ಇಳಿದು ಹೋಗಿತ್ತು. ಇಪ್ಪತ್ತಾರು. ಜಹೀದಾ ಒಂದು ನಿಮಿಷ ಕಾದು ಮತ್ತೆ ಅಳೆದಳು. ಇಪ್ಪತ್ತಾರೇ!

ಶಿವಲಿಂಗಮ್ಮ ಬಳೆ ಬಿಚ್ಚಿ ಸೊಸೆಯ ಕೈಗೆ ಕೊಟ್ಟು ಮೈಕಿನ ಮುಂದೆ ನಿಂತಳು. ಹೆಣ್ಣೊಪ್ಪಿಸುವ ಪದ, ಎಣ್ಣೆ ಶಾಸ್ತ್ರದ ಪದ, ಬೀಗರನ್ನು ಹಂಗಿಸುವ ಪದ, ಕೊನೆಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಪದ. ಹನ್ನೊಂದು ಪದಗಳಲ್ಲಿ ಒಂದಕ್ಷರವೂ ಗಾಳಿಗೆ ಹೋಗಲಿಲ್ಲ. ಕೊನೆಯದಕ್ಕೆ ಕೆಂಚಮ್ಮ ಬಾಗಿಲ ಬಳಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಬಿಕ್ಕಿದರೆ ಅದೂ ಗೆರೆಯಲ್ಲಿ ಬರುತ್ತದಲ್ಲ!

ಹಾಡು ಮುಗಿದು ಜಹೀದಾ ಕೈ ಎತ್ತಿ ಸನ್ನೆ ಮಾಡಿದಾಗ ಮುದುಕಿ ಸುತ್ತ ಕಣ್ಣು ಹಾಯಿಸಿದಳು. ಜ್ವರಕ್ಕೆ ಕೂತ ಹುಳಗಳು ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ ಕಲ್ಲಿನಂತೆ ನಿಂತಿದ್ದವು.

"ಐವತ್ತೊರ್ಸ ಮದ್ವೆ ಮನೇಲಿ ಹಾಡಿವ್ನಿ," ಎಂದಳು. "ಎಲ್ರೂ ಎಲೆ ಮ್ಯಾಲೆ ಬಗ್ಸಿದ್ ತಲೆ ಬಗ್ಸೇ ಇರೋರು. ಉಣ್ಣಾದು ಬುಟ್ಟು, ತಲೆ ಎತ್ಕೊಂಡು ಇಷ್ಟು ಜನ ಕೇಳಿದ್ದು ಇವತ್ತೇ ಕಣವ್ವ!"

ಸೋಮವಾರ ಮಧ್ಯಾಹ್ನ ಹುಳಗಳು ಒಂದೂ ಕೆಡದೆ ಜ್ವರದಿಂದ ಎದ್ದವು. ಸಂಜೆ ಹಲ್ಲು ಕೀಳಿಸಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದ ಅತ್ತೆಯನ್ನು ಕೆಂಚಮ್ಮ ಕೈಹಿಡಿದು ಹುಳದ ಮನೆಗೆ ಕರೆತಂದಳು. ಹೊಸ ಸೊಪ್ಪು ಹರಡಿ, ಎಂದಿನಂತೆ ಬೇರೆ ಕೆಲಸಕ್ಕೆ ಓಡದೆ, ಅತ್ತೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಳು.

ಮೊದಲು ಅಲ್ಲೊಂದು ಇಲ್ಲೊಂದು ಹನಿ. ಆಮೇಲೆ ಇಡೀ ಮನೆ ತುಂಬ ಜಡಿಮಳೆ. ಮಾತಾಡಲಾರದ ಶಿವಲಿಂಗಮ್ಮ ಅದಕ್ಕೆ ತಕ್ಕಂತೆ ಸೊಸೆಯ ಅಂಗೈ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದಳು.