ತಿರುಗಿ ಬರುವ ಹೊಲಿಗೆ

ನಾನು ಒಂದು ಫಾಂಟ್. ಕನ್ನಡದ ಅಕ್ಷರಗಳಿಗೆ ಗುಂಡು ಮೈ. ನನ್ನ ಮೈಯೋ, ಬರೀ ಮೆಟ್ಟಿಲು ಮೆಟ್ಟಿಲು. ನಗಬೇಡಿ, ಅದಕ್ಕೆ ಕಾರಣವಿದೆ. ನಾನು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಧಾರವಾಡದ ಒಂದು ಪಡಸಾಲೆಯಲ್ಲಿ, ಶಿವಗಂಗವ್ವನ ಸೂಜಿಯ ತುದಿಯಲ್ಲಿ. ಆಕೆ ಕಸೂತಿ ಹಾಕುವವಳು. ಕಸೂತಿಯ ಸೂಜಿ ಬಟ್ಟೆಯ ಎಳೆ ಹಿಡಿದು ನೆಟ್ಟಗೆ ಹೋಗುತ್ತದೆ, ಇಲ್ಲವೇ ಓರೆಯಾಗಿ. ದುಂಡಗೆ ತಿರುಗುವುದು ಅದಕ್ಕೆ ಗೊತ್ತಿಲ್ಲ.

ಆಕೆಯ ಮಗಳು ಉಜ್ವಲಾ ಪತ್ರಿಕೆಗಳ ಪುಟ ವಿನ್ಯಾಸ ಮಾಡುವವಳು. ಸೀರೆ, ಉಡುಪುಗಳ ಹೊಸ ಮಾಸಪತ್ರಿಕೆಯೊಂದಕ್ಕೆ ಫಾಂಟ್ ಹುಡುಕಿ ಹುಡುಕಿ ಸಾಕಾಗಿದ್ದಳು. ಎಲ್ಲವೂ ಮದುವೆ ಕರೆಯೋಲೆಯಿಂದ ಎದ್ದು ಬಂದಂತೆ ಕಾಣುತ್ತಿದ್ದವು. ಆಗ ಕಣ್ಣಿಗೆ ಬಿದ್ದದ್ದು ತನ್ನ ಹಳೆಯ ಲಂಗದ ಅಂಚಿನಲ್ಲಿ ಅವ್ವ ಹಾಕಿದ್ದ ಹೆಸರು.

"ಅವ್ವಾ, ಪೂರಾ ವರ್ಣಮಾಲೆ ಹಿಂಗ ಹಾಕಿಕೊಡ್ತೀಯೇನ?"

"ಅಕ್ಷರ ಎಲ್ಲಾ ಗುಂಡಗ, ನನ್ನ ಸೂಜಿ ನೆಟ್ಟಗ. ಇಬ್ಬರಿಗೂ ಜಗಳಾನ ನೋಡು" ಎಂದು ನಕ್ಕು ಸೂಜಿ ಹಿಡಿದು ಕುಳಿತಳು ಶಿವಗಂಗವ್ವ.

ಈ ಹೊಲಿಗೆ ಹೋಗುವಾಗ ಒಂದು ಹಾಕಿ ಒಂದು ಬಿಟ್ಟು ಸಾಗುತ್ತದೆ. ತಿರುಗಿ ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತದೆ. ಗಂಟಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ. ಉಜ್ವಲಾ ಮೊದಲ ಕೆಲವು ಅಕ್ಷರಗಳನ್ನು ಸ್ಕ್ಯಾನ್ ಮಾಡಿ ಕಾಗದದ ಮೇಲೆ ಅಚ್ಚು ತೆಗೆದು ತೋರಿಸಿದಾಗ ಅವ್ವ ಕಾಗದವನ್ನು ಮಗುಚಿ ನೋಡಿದಳು.

"ಹಿಂದ ಏನೂ ಇಲ್ಲಲ್ಲ! ಅರ್ಧಾ ಕೆಲಸ ಮಾಡೀಯಲ್ಲ."

ಕೊನೆಯ ಅಕ್ಷರ ಳ. ಅದರ ಹೋಗುವ ಹೊಲಿಗೆ ಮುಗಿದಾಗ ಮಧ್ಯಾಹ್ನವಾಗಿತ್ತು. "ತಿರುಗಿ ಬರೂದು ಒಂದ್ ಚೂರು ಮಲಗಿ ಎದ್ದು ಹಾಕ್ತೀನಿ" ಎಂದು ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಅಡ್ಡಾದಳು. ಮತ್ತೆ ಏಳಲಿಲ್ಲ.

ಹೀಗೆ ನನ್ನ ಳ ತುಂಡು ತುಂಡು ಗೆರೆಯಾಗಿಯೇ ಉಳಿಯಿತು.

"ತುಂಬಾ ಚೆನ್ನಾಗಿದೆ ಉಜ್ವಲಾ" ಎಂದರು ಸಂಪಾದಕಿ ಮಂದಾಕಿನಿ. "ಆದ್ರೆ ಈ ಳ ಪ್ರಿಂಟಿಂಗ್ ತಪ್ಪು ಅನ್ಸತ್ತೆ. ಮಧ್ಯೆ ಗೆರೆ ಎಳೆದು ಸೇರಿಸಿಬಿಡಿ, ಎಷ್ಟು ಹೊತ್ತಿನ ಕೆಲಸ?"

"ಅದು ಅವ್ವ ಹಾಕೂದಿತ್ರೀ."

ಉಜ್ವಲಾ ಪ್ರಯತ್ನಪಡದೆ ಇರಲಿಲ್ಲ. ಗೆರೆ ಎಳೆಯುವಳು, ಅಳಿಸುವಳು. ಅವ್ವನ ಜಾಗದಲ್ಲಿ ತಾನು ಕೂತಂತಾಗಿ ಲ್ಯಾಪ್‌ಟಾಪ್ ಮುಚ್ಚಿಬಿಡುವಳು. ಪತ್ರಿಕೆ ಎಷ್ಟು ದಿನ ಕಾದೀತು? ಮಂದಾಕಿನಿ ಬೇರೊಂದು ಗುಂಡು ಫಾಂಟ್ ಆರಿಸಿದರು. ಸಂಚಿಕೆ ಅಂಗಡಿಗಳಿಗೆ ಬಂತು, ಜನ ಮೆಚ್ಚಿದರು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. ನಾನು ಅಚ್ಚಾಗಿದ್ದರೆ ಶಿವಗಂಗವ್ವನ ಕೈಕೆಲಸವನ್ನು ಸಾವಿರ ಜನ ನೋಡುತ್ತಿದ್ದರು.

ವರ್ಷಗಳಾದವು. ಪತ್ರಿಕೆಯೂ ನಿಂತುಹೋಯಿತು. ಹಳೆಯ ಲ್ಯಾಪ್‌ಟಾಪಿನ ಮೂಲೆಯಲ್ಲಿ ನಾನು ಮುದುಕನಾದೆ.

ಮೊನ್ನೆ ಉಜ್ವಲಾ ಟ್ರಂಕು ತೆರೆದಳು. ಸೂಜಿ ಚುಚ್ಚಿದ್ದ ಬಟ್ಟೆ ಹಾಗೇ ಇತ್ತು. ಅಲುಗಿದರೆ ಎಲ್ಲಿ ಸೂಜಿ ಜಾರೀತೋ ಎಂದು ಅಂದು ಮೇಲಿನಿಂದಲೇ ಫೋಟೊ ತೆಗೆದು ಎತ್ತಿಟ್ಟವಳು ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಈಗ ಅವ್ವನ ಹಾಗೆಯೇ ಮಗುಚಿ ನೋಡಿದಳು.

ಈಚೆ ಬಿಟ್ಟುಹೋದ ಜಾಗದಲ್ಲೆಲ್ಲ ದಾರ ಆಚೆ ಮಲಗಿತ್ತು. ಅವ್ವ ಅಕ್ಷರ ಪೂರಾ ನಡೆದಿದ್ದಳು. ಉಳಿದರ್ಧ ಹಿಂದಿನ ಮಗ್ಗುಲಲ್ಲಿತ್ತು, ಅಷ್ಟೇ. ಉಜ್ವಲಾ ಬಹಳ ಹೊತ್ತು ಅತ್ತಳು. ಆಮೇಲೆ ಹಿಂದಿನದನ್ನೂ ಸ್ಕ್ಯಾನ್ ಮಾಡಿ, ಕನ್ನಡಿಯಂತೆ ಎಡಬಲ ತಿರುಗಿಸಿ, ಮುಂದಿನದರ ಮೇಲಿಟ್ಟಳು. ನನ್ನ ಳ ತುಂಬಿಕೊಂಡಿತು.

ನಾನೀಗ ಪೂರ್ಣ. ಆದರೆ ನನ್ನನ್ನು ಕೇಳುವ ಪತ್ರಿಕೆ ಇಲ್ಲ, ಮಗುಚಿ ನೋಡಿ ತಪ್ಪು ಹೇಳುವವಳೂ ಇಲ್ಲ. ಉಜ್ವಲಾ ಖಾಲಿ ಪುಟ ತೆರೆದು, ನನ್ನಲ್ಲಿ ಒಂದೇ ಮಾತು ಬರೆದಳು:

ಏಳವ್ವಾ.